ತಲೆ ಕೊಡದ ಚೆಂಡು

ಸುಣ್ಣದ ಪುಡಿಯ ಗೆರೆ ಗಾಳಿಗೆ ಎದ್ದೆದ್ದು ಕೂರುತ್ತಿದೆ, ಆ ಗೆರೆಯ ಪಕ್ಕದಲ್ಲೇ ಹೆನ್ನಿಂಗ್ ಮೊಣಕಾಲೂರಿ ಬೂಟಿನ ದಾರ ಕಟ್ಟುತ್ತಿದ್ದಾನೆ, ಕಟ್ಟುತ್ತಿದ್ದಾನೋ ಬಿಚ್ಚುತ್ತಿದ್ದಾನೋ ಶಾಮಿಯಾನದೊಳಗಿನ ಈ ಕುರ್ಚಿಯಿಂದ ತಿಳಿಯುವುದಿಲ್ಲ, ಬೂಟು ಎಲ್ಲಿಂದ ಬಂತು, ಬೆಳಿಗ್ಗೆ ಮನೆ ಬಿಡುವಾಗ ಕಾಲಲ್ಲಿ ಚಪ್ಪಲಿಯಿತ್ತು, ನಾನೇ ನೋಡಿದ್ದೆ, ಹಾಗಾದರೆ ಚೀಲಕ್ಕೆ ಬೂಟು ಹಾಕಿಕೊಂಡವನು ಅವನೇ, ನನಗೆ ಹೇಳಬಾರದೆಂದು ಹೇಳಲಿಲ್ಲವೋ, ಹಾಕಿಕೊಂಡದ್ದೇ ಮರೆತನೋ — ಮೈಕಿನವನ ಗಂಟಲು ಆಗಲೇ ಒಡೆದಿದೆ, ಜರ್ಮನಿ ದೇಶದ ಪರವಾಗಿ ಆಡಿದ ಮಹಾನ್ ಡಿಫೆಂಡರ್, ನಮ್ಮ ಕುಶಾಲನಗರದ ಅಳಿಯಂದಿರು, ಎಂದು ಒಮ್ಮೆ ಕನ್ನಡದಲ್ಲಿ ಒಮ್ಮೆ ಮಲಯಾಳದಲ್ಲಿ ಕೂಗುತ್ತಿದ್ದಾನೆ, ದೇಶದ ಪರ ಅವನು ಆಡಲೇ ಇಲ್ಲ, ಒಂದು ಸಲ ಶಿಬಿರಕ್ಕೆ ಕರೆ ಬಂದಿತ್ತು, ಹೋಗುವ ಮೊದಲೇ ಮಂಡಿ ಹೋಯಿತು, ಎದ್ದು ಹೋಗಿ ಮೈಕಿನವನಿಗೆ ಹೇಳಲೇ, ಹೇಳಿ ಏನಾಗಬೇಕು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಬೂಟು ಬಿಟ್ಟು ಅವನೂ ತಟ್ಟುತ್ತಿದ್ದಾನೆ, ಯಾರಿಗೆಂದು ಗೊತ್ತೋ ಇಲ್ಲವೋ. ಮೊದಲ ಚೆಂಡು ಒದ್ದು ಕೊನೆಯಲ್ಲಿ ಕಪ್ ಕೊಡುವುದು, ಅಷ್ಟೇ ಎಂದು ಮಾತಾಗಿತ್ತು, ಕುಶಾಲನಗರದಲ್ಲಿ ಟೈರಿನ ಅಂಗಡಿ ಇಟ್ಟುಕೊಂಡು ಊರಿನ ತಂಡ ನಡೆಸುವ, ತಾನೂ ಅದರಲ್ಲಿ ಆಡುವ ನಂದೀಶ ನಮ್ಮ ಮನೆಗೇ ಬಂದು ಜಗಲಿಯ ಮೇಲೆ ಕೂತು ಒಪ್ಪಿಸಿದ್ದ, ಅಣ್ಣ ಬಂದು ನಿಂತ್ರೆ ಸಾಕಕ್ಕ, ವಿರಾಜಪೇಟೆಯೋರು ಅರ್ಧ ಹೆದ್ರಿಬಿಡ್ತಾರೆ, ಎಂದಿದ್ದ, ಆಡುವುದಿಲ್ಲ ಅಂದರೆ ಆಡುವುದಿಲ್ಲ ಎಂದು ನಾನು ಹೇಳಿದ್ದೆ, ಮಂಡಿ ಸರಿಯಿಲ್ಲ ಅಂದೆ, ಮಂಡಿ ಎಂದೆ, ತಲೆ ಎನ್ನಲಿಲ್ಲ.

ಮಂಡಿಯಿಂದಲೇ ಅವನ ಪರಿಚಯವಾದದ್ದು ನನಗೆ, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಭಾಷೆ ಕಲಿತು, ಜರ್ಮನಿಯ ಆ ಚಳಿಯ ಬಂದರಿನ ಊರಿಗೆ ಹೋಗಿ ಬಿದ್ದ ವರ್ಷ, ಮೂಳೆಯ ವಾರ್ಡಿನಲ್ಲಿ ಮಂಚಕ್ಕಿಂತ ಉದ್ದದ ಒಬ್ಬ ಮನುಷ್ಯ ಕಾಲನ್ನು ಮಂಚದ ಕಂಬಿಯಿಂದಾಚೆ ಚಾಚಿ ಮಲಗಿದ್ದ, ಉಳಿದ ನರ್ಸುಗಳು ಬಾಗಿಲಲ್ಲಿ ನಿಂತು ಪಿಸುಗುಡುತ್ತಿದ್ದರು, ನನಗೆ ಅವನು ಯಾರೆಂದು ಗೊತ್ತಿರಲಿಲ್ಲ, ಮಂಡಿ ಮಡಚಿ ಅಂದೆ, ಮಡಚಿದ, ಇನ್ನೂ ಸ್ವಲ್ಪ ಅಂದೆ, ಅತ್ತ, ಅಷ್ಟು ದೊಡ್ಡ ಮೈಯವನು ಸದ್ದಿಲ್ಲದೆ ಅತ್ತ, ನೋವಿಗಲ್ಲ, ನನ್ನ ಜಾಗದಲ್ಲಿ ಈಗ ಬೇರೆಯವನು ನಿಂತಿದ್ದಾನೆ ಅಂದ, ಯಾವ ಜಾಗ ಎಂದು ಕೇಳಿದೆ, ಗೋಲಿನ ಮುಂದೆ, ಮಧ್ಯದಲ್ಲಿ, ಅಂದ. ಆಮೇಲೆ ದಿನಾ ಮಂಡಿ ಮಡಚುತ್ತಾ ಹೇಳುತ್ತಿದ್ದ, ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಅಪ್ಪ, ಚಿಕ್ಕವನಿದ್ದಾಗ ತಾನು ಮುಂದೆ ನಿಂತು ಗೋಲು ಹೊಡೆಯುತ್ತಿದ್ದದ್ದು, ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಬೆಳೆದು ಕಂಬವಾದದ್ದು, ಕೋಚ್ ಕರೆದು ಇನ್ನು ಮೇಲೆ ನೀನು ಹಿಂದೆ ಅಂದದ್ದು, ಮನೆಗೆ ಹೋಗಿ ಊಟ ಬಿಟ್ಟದ್ದು, ಅಪ್ಪ ಕೈ ತೊಳೆಯುತ್ತಾ ಹಿಂದೆ ನಿಂತವನಿಗೆ ಮೈದಾನ ಪೂರ್ತಿ ಕಾಣುತ್ತದೆ ಕಣೋ ಅಂದದ್ದು — ಕಣೋ ಎಂದು ಜರ್ಮನಿನಲ್ಲಿ ಹೇಗೆ ಹೇಳುತ್ತಾರೆ, ಅವನಪ್ಪ ಹಾಗೆ ಹೇಳಿರಲಾರ, ನನ್ನ ತಲೆಯಲ್ಲಿ ಅವನಪ್ಪ ಯಾವಾಗ ಕನ್ನಡ ಕಲಿತನೋ. ಕಂಬಕ್ಕೆ ಹಗ್ಗ ಕಟ್ಟಿ ಚೆಂಡು ತೂಗುಬಿಟ್ಟು ಕೋಚ್ ಜಿಗಿಸುತ್ತಿದ್ದನಂತೆ, ಜಿಗಿದು ಹಣೆಯಿಂದ ಹೊಡೆ, ಮತ್ತೆ ಹೊಡೆ, ಹಿಮ ಬಿದ್ದು ಚೆಂಡು ಕಲ್ಲಾದರೂ ಹೊಡೆ, ಕಣ್ಣು ಮುಚ್ಚಿದರೆ ಮೊದಲಿನಿಂದ, ಅವನು ಕಣ್ಣು ಮುಚ್ಚುತ್ತಿರಲಿಲ್ಲ, ಅದೇ ಅವನ ವಿದ್ಯೆ, ಎಲ್ಲರಿಗಿಂತ ಮೊದಲು ಮೇಲಕ್ಕೆ ಹೋಗುವುದು, ಕಣ್ಣು ಬಿಟ್ಟುಕೊಂಡು ತಲೆ ಕೊಡುವುದು, ಅದರಿಂದಲೇ ಎರಡನೆಯ ದರ್ಜೆಯ ತಂಡ ಕರೆಯಿತು, ಅದರಿಂದಲೇ ಆ ತಂಡ ಮೇಲಿನ ದರ್ಜೆಗೆ ಏರಿತು, ಹುಬ್ಬು ಒಡೆದು ತಲೆಗೆ ಬಟ್ಟೆ ಸುತ್ತಿಕೊಂಡು, ಬಟ್ಟೆಯೆಲ್ಲ ಕೆಂಪಾಗಿ, ಆದರೂ ಆಡಿದ ಒಂದು ಚಿತ್ರವಿದೆ, ಊರಿನ ಬೇಕರಿಯಲ್ಲಿ ಕೂಡ ತೂಗುಹಾಕಿದ್ದರು, ಮದುವೆಯಾದ ಮೇಲೆ ಬ್ರೆಡ್ ತರಲು ಹೋದಾಗಲೆಲ್ಲ ನನ್ನ ಗಂಡ ರಕ್ತ ಸುರಿಸಿಕೊಂಡು ನಗುತ್ತಾ ನನ್ನನ್ನೇ ನೋಡುತ್ತಿದ್ದ.

ಅಯ್ಯೋ ಯಾರು ಬಿದ್ದರು, ನಮ್ಮ ಕಡೆಯವನೇ, ನೀಲಿ ಬನಿಯನ್, ಪಾದ ತಿರುಚಿದೆ, ಹುಡುಗರು ಹೊತ್ತು ತರುತ್ತಿದ್ದಾರೆ, ಎರಡೂ ಕಡೆ ಗೋಲಿಲ್ಲ, ಪಂದ್ಯ ಮುಗಿಯಲು ಇನ್ನು ಸ್ವಲ್ಪ ಹೊತ್ತಿದೆ ಅಷ್ಟೇ, ನಂದೀಶ ಸೊಂಟಕ್ಕೆ ಕೈಯಿಟ್ಟು ಬೆಂಚಿನ ಕಡೆ ನೋಡುತ್ತಾನೆ, ಬೆಂಚು ಖಾಲಿ, ಆಮೇಲೆ ಹೆನ್ನಿಂಗ್ ಕಡೆ ನೋಡುತ್ತಾನೆ, ಬೇಡ, ಅವನು ಕೇಳಲೂ ಇಲ್ಲ, ಬರೀ ನೋಡಿದ, ಇವನು ಆಗಲೇ ಎದ್ದಿದ್ದಾನೆ, ಅಂಗಿ ತೆಗೆದು ಯಾರದೋ ಬೆವರಿನ ನೀಲಿ ಬನಿಯನ್ ತಲೆಗೆ ಇಳಿಸಿಕೊಳ್ಳುತ್ತಿದ್ದಾನೆ, ಹೊಟ್ಟೆಯ ಮೇಲೆ ಬಿಗಿಯುತ್ತಿದೆ, ಜನ ಕೇಕೆ ಹಾಕುತ್ತಿದ್ದಾರೆ, ನಾನು ಎದ್ದು ನಿಂತಿದ್ದೇನೆ, ಕೂಗಬೇಕು, ಯಾವ ಭಾಷೆಯಲ್ಲಿ ಕೂಗಲಿ, ಅವನ ಭಾಷೆಯಲ್ಲಿ ಕೂಗಿದರೆ ಅವನು ನಿಂತಾನು, ಇಷ್ಟು ಜನರ ಮುಂದೆ ತಲೆ ತಗ್ಗಿಸಿ ವಾಪಸ್ ಬಂದಾನು, ಅದನ್ನು ನೋಡಬಲ್ಲೆನೇ, ನೀನು ಅನ್ನಲೇ ನೀವು ಅನ್ನಲೇ, ಅಲ್ಲಿ ಮನೆಯೊಳಗೆ ನೀನು, ಇಲ್ಲಿ ಅಮ್ಮನ ಎದುರು ನೀವು, ಅಳಿಯಂದ್ರನ್ನ ಹೆಸ್ರಿಡಿದು ಕೂಗ್ತರೇನವ್ವ ಎಂದು ಅಮ್ಮ ಬೈದ ಮೇಲೆ ಇವರು, ಇಷ್ಟರಲ್ಲಿ ಗೆರೆ ದಾಟಿಬಿಟ್ಟ, ದಾಟುವಾಗ ಬಗ್ಗಿ ಹುಲ್ಲು ಮುಟ್ಟಿದ, ಅದು ಹಳೆಯ ಅಭ್ಯಾಸ, ಅದು ಮರೆತಿಲ್ಲ. ಮರೆತದ್ದು ಯಾವುದು ಮರೆಯದ್ದು ಯಾವುದು ಎಂದು ಮೊದಮೊದಲು ಲೆಕ್ಕವಿಡಲು ನೋಡಿದೆ, ಆಟ ಬಿಟ್ಟು ಮಕ್ಕಳಿಗೆ ಕೋಚ್ ಆಗಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿದ್ದ, ಮೈದಾನದ ಗೇಟು ಹಾಕಿದೆ, ಹುಡುಗರು ಯಾರೂ ಬಂದಿಲ್ಲ, ಇವತ್ತು ಪ್ರಾಕ್ಟೀಸ್ ಇಲ್ಲವೇ ಅಂದ, ಎಲ್ಲಿದ್ದೀ ಎಂದರೆ ಬಿಟ್ಟು ಎಷ್ಟೋ ವರ್ಷವಾಗಿದ್ದ ಹಳೆಯ ತಂಡದ ಗೇಟಿನ ಮುಂದೆ ಕಾರು ನಿಲ್ಲಿಸಿಕೊಂಡು ಚಳಿಯಲ್ಲಿ ಕಾಯುತ್ತಿದ್ದ. ಚೆಂಡಿಗೆ ತಲೆ ಕೊಟ್ಟು ಕೊಟ್ಟು ಹೀಗಾಗಿರಬಹುದು, ಆಗಿರಲಿಕ್ಕಿಲ್ಲ ಎಂದೂ ಹೇಳಲಾಗದು ಆಗಿದೆ ಎಂದೂ ಹೇಳಲಾಗದು, ಎಂದರು ಡಾಕ್ಟರು, ಇನ್ನು ಮೇಲಂತೂ ಒಂದು ಪೆಟ್ಟೂ ಬೀಳಬಾರದು ಎಂದರು, ಅದನ್ನು ಮಾತ್ರ ಖಚಿತವಾಗಿ ಹೇಳಿದರು, ಅವನು ನನ್ನ ಕೈ ಹಿಡಿದು ಇನ್ನು ಚೆಂಡಿಗೆ ತಲೆ ಕೊಡುವುದಿಲ್ಲ ಅಂದ, ನಾನು ಮರೆತರೆ ನೀನು ನೆನಪಿಸು ಅಂದ, ಅವನ ಕಣ್ಣಲ್ಲಿ ನೀರಿತ್ತೋ ನನ್ನ ಕಣ್ಣಲ್ಲೋ.

ಇಲ್ಲಿಗೆ ಬರೋಣ ಅಂದವನೂ ಅವನೇ. ಅಲ್ಲಿ ಅಂಗಡಿಯಲ್ಲಿ, ಟ್ರಾಮಿನಲ್ಲಿ, ಯಾರಾದರೊಬ್ಬರು ಗುರುತು ಹಿಡಿದು ಆ ಗೋಲಿನ ಮಾತು ತೆಗೆಯುತ್ತಿದ್ದರು, ಮೇಲಿನ ದರ್ಜೆಯಲ್ಲಿ ಉಳಿಯುವುದೋ ಇಳಿಯುವುದೋ ಎಂಬ ಕೊನೆಯ ಪಂದ್ಯ, ಕಾರ್ನರಿನಿಂದ ತೇಲಿಬಂದ ಚೆಂಡನ್ನು ಹೊರಗೆ ಹೊಡೆಯಲು ಎಲ್ಲರಿಗಿಂತ ಮೇಲಕ್ಕೆ ಹಾರಿದವನ ಹಣೆಗೆ ತಾಗಿ ಚೆಂಡು ನಮ್ಮದೇ ಬಲೆಯೊಳಗೆ ಹೋಯಿತು, ತಂಡ ಕೆಳಗಿಳಿಯಿತು, ಕಾರಿನ ಗಾಜು ಒಡೆದರು, ಬೇಕರಿಯಲ್ಲಿನ ಚಿತ್ರ ಕಾಣೆಯಾಯಿತು, ಆದರೂ ಮುಂದಿನ ವಾರ ಬೂಟು ಹಾಕಿಕೊಂಡು ಪ್ರಾಕ್ಟೀಸಿಗೆ ಹೋದ, ಇನ್ನೂ ಎಷ್ಟೋ ವರ್ಷ ಅದೇ ಗೋಲಿನ ಮುಂದೆ ನಿಂತ, ಮಂಡಿ ಮತ್ತೆ ಹೋಗಿ ಕೆಳಗಿನ ಸಣ್ಣ ತಂಡಗಳಲ್ಲೂ ಆಡಿದ, ನಿಲ್ಲಿಸು ಎಂದು ಯಾರಾದರೂ ಹೇಳುವವರೆಗೂ ಆಡಿದ. ಈಗ ಅದೇ ಗೋಲಿನ ಕತೆಯನ್ನು ಅಮ್ಮನಿಗೆ ಹೇಳುತ್ತಾನೆ, ಶುಂಠಿ ಹೊಲದ ಬದುವಿನಲ್ಲಿ ಕೂತು, ಅರ್ಧ ಕನ್ನಡ, ಅರ್ಧ ಕೈ, ಅಮ್ಮ ಕಳೆ ಕೀಳುತ್ತಾ ಹೂಂಗುಡುತ್ತಾಳೆ, ಅವನ ಕತೆಯಲ್ಲಿ ಚೆಂಡು ಬಲೆಯ ಕಂಬಕ್ಕೆ ತಾಗಿ ಹೊರಗೆ ಹೋಗುತ್ತದೆ, ತಂಡ ಉಳಿಯುತ್ತದೆ, ಜನ ಅವನನ್ನು ಹೆಗಲ ಮೇಲೆ ಹೊರುತ್ತಾರೆ, ಮೊದಲ ಸಲ ಹಾಗಲ್ಲ ಎನ್ನಲು ಬಾಯಿ ತೆರೆದೆ, ಆಮೇಲೆ ಮುಚ್ಚಿಕೊಂಡೆ, ಕೇಳಿ ಕೇಳಿ ಈಗ ನನಗೂ ಅನುಮಾನ, ಆ ದಿನ ನಾನು ಗ್ಯಾಲರಿಯಲ್ಲಿ ಕೂತಿದ್ದೆನಲ್ಲ, ಬಲೆ ಅಲುಗಿದ್ದು ನೋಡಿದೆನೋ, ಕಂಬದ ಸದ್ದು ಕೇಳಿದೆನೋ —

ಕಾರ್ನರ್. ವಿರಾಜಪೇಟೆಯವರಿಗೆ ಕಾರ್ನರ್ ಕೊಟ್ಟರು, ಕೊನೆಯ ಕಾರ್ನರ್ ಇರಬೇಕು, ಜನ ಎದ್ದು ಮುಂದಕ್ಕೆ ನುಗ್ಗುತ್ತಿದ್ದಾರೆ, ನಾನೂ ನುಗ್ಗಿದೆ, ಗೆರೆಯ ಹತ್ತಿರ, ಅವನು ಗೋಲಿನ ಮುಂದೆ ನಿಂತಿದ್ದಾನೆ, ಮಧ್ಯದಲ್ಲಿ, ಕೈ ಚಾಚಿ ನಂದೀಶನಿಗೆ ನೀನು ಅಲ್ಲಿ, ಇನ್ನೊಬ್ಬನಿಗೆ ನೀನು ಕಂಬದ ಹತ್ತಿರ ಎಂದು ಜಾಗ ತೋರಿಸುತ್ತಿದ್ದಾನೆ, ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿದು ಇದೇನು ಎಂಬಂತೆ ನಿಂತಿದ್ದವನು, ಬೆನ್ನು ನೆಟ್ಟಗಾಗಿದೆ, ಹೊಟ್ಟೆ ಎಲ್ಲಿ ಹೋಯಿತೋ, ಇವನು ನನಗೆ ಗೊತ್ತು, ಇವನನ್ನು ನೋಡಿ ಎಷ್ಟು ದಿನವಾಯಿತು, ಒಂದು ಕ್ಷಣ ಬೇಡ ಎನ್ನುವುದೇ ಮರೆತು ನೋಡುತ್ತಾ ನಿಂತೆ, ಚೆಂಡು ಎದ್ದಿತು, ಮೂಲೆಯಿಂದ, ಬಾಗಿ ಬರುತ್ತಿದೆ, ಬಿಸಿಲಲ್ಲಿ ತಿರುಗುತ್ತಾ ಬರುತ್ತಿದೆ, ನೇರ ಅವನ ಹಣೆಗೇ, ಅವನ ಮೊಣಕಾಲು ಬಾಗಿತು, ಹಾರಲು ಹಿಂದೆ ಬಾಗುತ್ತಿದ್ದದ್ದು ಹಾಗೆಯೇ, ಕೂಗಿದೆನೋ, ಹೆನ್ನಿಂಗ್ ಎಂದೆನೋ, ನಿನ್ನ ತಲೆ ಎಂದೆನೋ, ಕೂಗಿದ್ದು ಬಾಯಿಂದ ಹೊರಗೆ ಬಂತೋ ಇಲ್ಲವೋ, ಅವನು ಹಾರಲಿಲ್ಲ. ಎರಡು ಕೈ ಮೇಲೆತ್ತಿದ. ಮರದಿಂದ ಬೀಳುವ ಹಣ್ಣು ಹಿಡಿಯುವವನಂತೆ ಎತ್ತಿದ, ಹಿಡಿದ, ಎದೆಗೆ ಇಳಿಸಿಕೊಂಡ, ಸುಮ್ಮನೆ ನಿಂತ. ಗೋಲು ಕಾಯುವ ನಮ್ಮ ಗೋಲಿ ಬಾಯಿಬಿಟ್ಟು ನಿಂತಿದ್ದಾನೆ, ನಂದೀಶ ಎರಡೂ ಕೈ ತಲೆಯ ಮೇಲೆ ಹೊತ್ತಿದ್ದಾನೆ, ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಂತೆ ನಿಂತು ಆಮೇಲೆ ಊದಿದ, ಆಮೇಲೆ ನಗು, ಮೊದಲು ಒಂದು ಮೂಲೆಯಿಂದ, ಆಮೇಲೆ ಸುತ್ತಲೂ, ಮೈಕಿನವನು ಜರ್ಮನಿಯಲ್ಲಿ ಫುಟ್ಬಾಲನ್ನ ಕೈಯಲ್ಲಿ ಆಡ್ತಾರೆ ಅಂತ ಕಾಣ್ತದೆ ಎಂದ, ಹೆನ್ನಿಂಗ್ ಚೆಂಡು ಬಿಡಲಿಲ್ಲ, ಜನರ ನಡುವೆ ಯಾರನ್ನೋ ಹುಡುಕುತ್ತಿದ್ದ, ಹುಡುಕಿ ನನ್ನನ್ನು ಕಂಡ, ನಕ್ಕ.

ಪೆನಾಲ್ಟಿ, ಗೋಲು, ಸೀಟಿ, ಕಪ್ ವಿರಾಜಪೇಟೆಗೆ, ಅವನೇ ಕೊಡಬೇಕಿದ್ದ ಕಪ್ಪನ್ನು ಬೇರೆ ಯಾರೋ ಕೊಟ್ಟರು, ಅವನು ನನ್ನ ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದ, ನಂದೀಶ ಬಂದ, ಮುಖ ಕೆಂಪಾಗಿತ್ತು, ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಾ, ಆಡಕ್ಕೆ ಮನಸಿಲ್ದೋರು ಇಳೀಬಾರ್ದಿತ್ತಕ್ಕ, ಹುಡುಗ್ರು ವರ್ಷಪೂರ್ತಿ ಬೆವ್ರು ಹರಿಸವ್ರೆ, ಇವ್ರಿಗೆ ತಮಾಸೆ, ಎಂದ. ಮಂಡಿ ಎನ್ನಬಹುದಿತ್ತು. ಮಂಡಿ ನೋವು, ಬಿಸಿಲು, ಭಾಷೆ ತಿಳಿಯಲಿಲ್ಲ, ಏನಾದರೂ ಎನ್ನಬಹುದಿತ್ತು, ಎರಡು ವರ್ಷದಿಂದ ಅಮ್ಮನಿಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ, ಭಾಷೆ ತಿಳಿಯಲ್ಲ ಅವರಿಗೆ, ಅದಕ್ಕೇ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ ಎಂದು, ಇಲ್ಲಿ ಯಾರ ಬಾಯಲ್ಲೂ ಅವನು ಹುಚ್ಚನಾಗಬಾರದು, ಜರ್ಮನಿಯ ಆಟಗಾರನೇ ಆಗಿರಲಿ ಎಂದು, ಆದರೆ ಬಾಯಿಂದ ಬಂದದ್ದು ಬೇರೆ.

ತಮಾಷೆ ಅಲ್ಲ ನಂದೀಶ್, ಅವರಿಗೆ ಮೆದುಳಿನ ಕಾಯಿಲೆ, ಚೆಂಡಿಗೆ ತಲೆ ಕೊಟ್ಟು ಕೊಟ್ಟು ಆಗಿರೋದು, ಇನ್ನೊಂದು ಪೆಟ್ಟು ಬಿದ್ರೆ ನನ್ನ ಹೆಸರೂ ಉಳಿಯಲ್ಲ ಅವರ ತಲೇಲಿ.

ಎಷ್ಟು ಸಲೀಸಾಗಿ ಬಂತು, ಕನ್ನಡದಲ್ಲಿ ಈ ಮಾತನ್ನು ಯಾರಿಗೂ ಆಡಿರಲಿಲ್ಲ, ಜರ್ಮನಿನಲ್ಲಿ ಡಾಕ್ಟರ ಮಾತಾಗಿದ್ದದ್ದು ಕನ್ನಡದಲ್ಲಿ ನನ್ನ ಮಾತಾಯಿತು, ಹೆನ್ನಿಂಗ್ ನನ್ನ ಕಡೆ ನೋಡಿದ, ಅರ್ಥವಾಯಿತೋ, ಅರ್ಥವಾಗಿದ್ದರೆ ಏನೆಂದುಕೊಂಡನೋ, ನಂದೀಶ ಬಗ್ಗಿ ಅವನ ಬೂಟಿನ ಗಂಟು ಬಿಚ್ಚಲು ಕೂತ, ಟೈರಿನ ಮಸಿ ಹೋಗದ ಬೆರಳು, ಗಂಟು ಕಗ್ಗಂಟಾಗಿತ್ತು, ಅಣ್ಣ ಕಾಲು ಕೊಡಿ ಎಂದ, ಅಣ್ಣ ಕೊಟ್ಟ, ಬೂಟನ್ನು ಚೀಲಕ್ಕೆ ಹಾಕಿ ಚೀಲವನ್ನು ಕಾರಿನವರೆಗೂ ತಾನೇ ಹೊತ್ತು ತಂದ, ಬಾಗಿಲು ಹಾಕುವಾಗ ಭಾನುವಾರ ಅಂಗಡಿ ತಾವ ಕರ್ಕೊಂಬನ್ನಿ ಅಕ್ಕ, ಸುಮ್ಕೆ ಕೂತಿರ್ಲಿ, ನಾನ್ ನೋಡ್ಕತೀನಿ, ಎಂದ.

ಕಾರು ಓಡಿಸುತ್ತಿದ್ದೇನೆ, ಕಾಫಿ ಕೊಯ್ಲು ಮುಗಿದ ತೋಟಗಳು, ಕಣದಲ್ಲಿ ಹರಡಿದ ಹಣ್ಣಿನ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿದೆ, ಕೆಲಸ ಮುಗಿಸಿದ ಹೆಂಗಸರು ಕೂಲಿಯವರ ಲೈನ್ ಮನೆಗಳ ಕಡೆ ಸಾಲಾಗಿ ಹೋಗುತ್ತಿದ್ದಾರೆ, ಆನೆ ದಾಟುವ ಜಾಗ ನಿಧಾನ ಎಂಬ ಬೋರ್ಡು, ನಿಧಾನಿಸಿದೆ, ಅವನು ಕಡಲೆಕಾಯಿ ಸುಲಿದು ಒಂದು ತನಗೆ ಒಂದು ನನಗೆ ಇಡುತ್ತಿದ್ದಾನೆ, ಕೇಳಬಾರದು ಎಂದುಕೊಂಡೆ, ಕೇಳಿದೆ, ಯಾಕೆ ಕೈಯಲ್ಲಿ ಹಿಡಿದೆ, ಅವನ ಭಾಷೆಯಲ್ಲಿ ಕೇಳಿದೆ, ಅವನು ಕನ್ನಡದಲ್ಲಿ ಹೇಳಿದ, ಬಂತು, ಹಿಡ್ಕೊಂಡೆ. ಅಷ್ಟೇ. ನನಗೆ ಮಾತು ಕೊಟ್ಟದ್ದು ನೆನಪಿತ್ತಾ ಎಂದು ಮತ್ತೆ ಕೇಳಿದೆ, ಅವನು ಹಣೆ ಗಂಟಿಕ್ಕಿ ಯೋಚಿಸಿದ, ಹುಬ್ಬಿನ ಮೇಲಿನ ಹಳೆಯ ಹೊಲಿಗೆ ಮಡಚಿಕೊಂಡಿತು, ನಾನು ಗೋಲಿ ಅಲ್ವಾ ಎಂದ. ಮೊದಲನೆಯ ಮಾತು ಕೇಳಿ ಎದ್ದ ಆಸೆ ಎರಡನೆಯದು ಕೇಳಿ ಕುಸಿಯಿತು, ಅಂದರೆ ಆಟವೇ ಮರೆತಿದ್ದಾನೆ, ಬದುಕಿಡೀ ಆಡಿದ ಆಟದ ಮೊದಲ ನಿಯಮವೇ ಹೋಗಿದೆ, ಇಲ್ಲ, ಹಾಗಿದ್ದರೆ ಜಾಗ ಹೇಗೆ ತೋರಿಸಿದ, ಕಂಬದ ಹತ್ತಿರ ಆಳನ್ನು ಹೇಗೆ ನಿಲ್ಲಿಸಿದ, ಮೊಣಕಾಲು ಹಾರಲು ಬಾಗಿತ್ತಲ್ಲ, ಬಾಗಿದ ಮೊಣಕಾಲನ್ನು ತಡೆದದ್ದು ಯಾವುದು, ನನ್ನ ಕೂಗೇ, ಕೂಗಿದೆನೇ, ಹೆನ್ನಿಂಗ್ ನಾನು ಕೂಗಿದೆನಾ ಎಂದು ಕೇಳಿದರೆ ಕೂಗಿದೆ ಎಂದ, ಏನೆಂದು ಕೂಗಿದೆ, ಊಟಕ್ಕೆ ಬಾ ಅಂತ, ಎಂದ, ನಕ್ಕುಬಿಟ್ಟೆ, ನಗು ಎಲ್ಲಿಂದ ಬಂತೋ, ಕಣ್ಣಲ್ಲಿ ನೀರು ತುಂಬಿ ರಸ್ತೆ ಎರಡಾಯಿತು, ಗಾಡಿಯನ್ನು ಬದಿಗೆ ಹಾಕಿದೆ, ಅವನು ಸುಲಿದ ಕಡಲೆಕಾಯಿಯನ್ನೆಲ್ಲ ನನ್ನ ಅಂಗೈಗೆ ಸುರಿದ.

ಅಮ್ಮ ಬಾಗಿಲಲ್ಲೇ ಇದ್ದಳು, ಒಲೆಯ ಮೇಲೆ ಹುರುಳಿ ಸಾರು ಕುದಿಯುವ ವಾಸನೆ, ಗೆದ್ರಾ ಅಳಿಯಂದ್ರೇ, ಎಂದಳು, ಗೆದ್ವಿ ಅತ್ತೆ, ಎಂದ. ನಾನು ಬಾಯಿ ತೆರೆದೆ. ಈಗ ಅಮ್ಮನಿಗೂ ಹೇಳಬೇಕು, ಒಬ್ಬನಿಗೆ ಹೇಳಿಯಾಯಿತು, ನಾಳೆ ಊರಿಗೆ ತಿಳಿಯುತ್ತದೆ, ಊರಿನಿಂದ ಅಮ್ಮನಿಗೆ ತಿಳಿಯಬಾರದು, ಅವನ ಕಾಲ ಮೇಲೆ ನೀರು ಹಾಕುತ್ತಿದ್ದವಳನ್ನು ಒಳಗೆ ಕರೆದು ಹೇಳಿದೆ, ಅಡುಗೆಮನೆಯಲ್ಲಿ ನಿಂತುಕೊಂಡೇ, ನಂದೀಶನಿಗೆ ಹೇಳಿದ ಮಾತನ್ನೇ, ಅವಳು ಸಾರಿನ ಉರಿ ತಗ್ಗಿಸಿದಳು, ನಂಗೊತ್ತು ಕಣವ್ವ, ಎಂದಳು, ಅತ್ತೆ ನಿಮ್ಮ ಮಗಳೆಲ್ಲಿ ಅಂತ ನಿನ್ ಪಕ್ಕದಲ್ಲೇ ಕೂತ್ಕಂಡು ಕೇಳವ್ರೆ ಒಂದಿನ, ಬಾಸೆ ತಿಳೀದೆ ಕೇಳಾ ಮಾತಾ ಅದು, ನೀನಾಗೇ ಹೇಳ್ತೀಯ ಅಂತ ಸುಮ್ಕಿದ್ದೆ. ಯಾವಾಗ ಕೇಳಿದ, ನನ್ನ ಪಕ್ಕದಲ್ಲಿ ಕೂತು ಯಾವಾಗ, ನಾನೆಲ್ಲಿ ಹೋಗಿದ್ದೆ ಅವನ ತಲೆಯಿಂದ, ಮತ್ತೆ ಇವತ್ತು ಅಷ್ಟು ಜನರಲ್ಲಿ ಹೇಗೆ ಕಂಡೆ, ಜಗಲಿಯಿಂದ ಅವನ ದನಿ, ಅತ್ತೆ ಬನ್ನಿ, ನೋಡಿ, ಎನ್ನುತ್ತಿದ್ದಾನೆ, ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋದಳು, ಹೆಂಗೆ ಗೆದ್ರಿ ತೋರ್ಸಿ ಮತ್ತೆ, ಎಂದಳು, ಏನೂ ಕೇಳಿಯೇ ಇಲ್ಲ ಎನ್ನುವ ದನಿಯಲ್ಲಿ, ಅವನು ಎದ್ದು ನಿಂತ, ಮೊಣಕಾಲು ಬಾಗಿಸಿದ, ಹಿಂದಕ್ಕೆ ಬಾಗಿದ, ಹಾರುತ್ತಾನೆ ಎಂದುಕೊಂಡೆ, ಬಾಗಿಲ ಚೌಕಟ್ಟು ಹಿಡಿದುಕೊಂಡೆ, ಹಾರಲಿಲ್ಲ, ಬರಿಗಾಳಿಯಲ್ಲಿ ಎರಡು ಕೈ ಎತ್ತಿದ, ನೆನಪಿದೆ, ಹಿಡಿದದ್ದು ನೆನಪಿದೆ ಅವನಿಗೆ, ಗೆದ್ದದ್ದು ಸುಳ್ಳು, ಹಿಡಿದದ್ದು ನಿಜ, ಯಾಕೆ ಎಂಬುದು ಅವನಿಗೂ ತಿಳಿಯದೆ ನನಗೂ ತಿಳಿಯದೆ ಹೋಗುತ್ತದೆ, ಎರಡು ಕೈ, ಕಣ್ಣು ಮುಚ್ಚಿದರೂ ಅದೇ, ಸುತ್ತ ಜನ ನಗುತ್ತಿದ್ದಾರೆ, ಸೀಟಿ ಕೂಗುತ್ತಿದೆ, ಎರಡು ಕೈಯ ನಡುವೆ ಚೆಂಡು, ಚೆಂಡಿನ ಮೇಲೆ ಅವನ ತಲೆ, ಏನೂ ತಾಗದ ತಲೆ, ಎರಡು ಕೈ, ಚೆಂಡು, ಅದರ ಮೇಲೆ ತಲೆ —